ಗಾಳಿ ತಿರುಗುವ ಹೊತ್ತಿನ ಬೈಠಕ್

ಚಳಿಗಾಲದ ದಿನಗಳಲ್ಲಿ ನಮ್ಮ ಊರಿನಲ್ಲಿ ಮಧ್ಯಾಹ್ನದಿಂದ ಕಡಲಗಾಳಿ ಬೀಸುತ್ತಿರುತ್ತದೆ. ಹೊತ್ತು ಮುಳುಗಿದ ಮೇಲೆ ಅದು ಸಣ್ಣಗಾಗುತ್ತಾ ಬಂದು, ಏಳು ಏಳೂವರೆಯ ಸುಮಾರಿಗೆ ಪೂರ್ತಿ ನಿಂತುಬಿಡುತ್ತದೆ. ತೆಂಗಿನ ಗರಿಗಳು ಅಲ್ಲಾಡುವುದಿಲ್ಲ, ಹಜಾರದ ದೀಪದ ಕುಡಿ ನೆಟ್ಟಗೆ ನಿಲ್ಲುತ್ತದೆ, ಬೆವರು ಮೆಲ್ಲಗೆ ಒಡೆಯುತ್ತದೆ. ಆಮೇಲೆ ನೆಲ ತಣಿದಂತೆ ಗುಡ್ಡದ ಕಡೆಯಿಂದ ಕಡಲಿನತ್ತ ಇನ್ನೊಂದು ಗಾಳಿ ಇಳಿಯತೊಡಗುತ್ತದೆ. ಈ ಎರಡು ಗಾಳಿಗಳ ನಡುವಿನ ಬಿಡುವಿನಲ್ಲಿ ನಮ್ಮ ಮನೆಯ ಬೈಠಕ್, ಅಂದರೆ ಚಾಪೆಯ ಮೇಲೆ ಕುಳಿತು ಕೇಳುವ ಸಂಗೀತದ ಕೂಟ, ಶುರುವಾಗುತ್ತದೆ. ತಂಬೂರಿಯ ಶ್ರುತಿ ಕೂಡುವುದು ಆ ಹೊತ್ತಿಗೇ. ಅದಕ್ಕಿಂತ ಮೊದಲು ಹಾಡಲು ಕುಳಿತರೆ ಕಡಲಗಾಳಿ ದನಿಯನ್ನು ಎತ್ತಿಕೊಂಡು ಹೋಗಿ ಊರಿನ ಮನೆಮನೆಗೂ ಹಂಚುತ್ತದೆ. ಗಾಳಿ ತಿರುಗಿದ ಮೇಲೆ ಅದೇ ದನಿ ಕಡಲಿನತ್ತ ಹೋಗುತ್ತದೆ. ಇಷ್ಟು ಸಣ್ಣ ಸಂಗತಿಯನ್ನು ತಿಳಿದುಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು, ನೆರೆಯವರ ನಿದ್ದೆಯೂ ಕೆಟ್ಟಿತು.

ಕುಮಟಾ ಮತ್ತು ಹೊನ್ನಾವರದ ನಡುವೆ ಹೆದ್ದಾರಿಯನ್ನು ಬಿಟ್ಟು ಪಶ್ಚಿಮಕ್ಕೆ ತಿರುಗಿದರೆ ಸಿಗುವ ಊರು ನಮ್ಮದು. ಮನೆ ನನ್ನ ಮಾವನವರು ಕಟ್ಟಿಸಿದ್ದು. ಕೆಂಪುಕಲ್ಲಿನ ಗೋಡೆ, ಹೆಂಚಿನ ಮಾಡು, ಮೂರು ಕಡೆ ಜಗಲಿ, ನಡುವೆ ಅರವತ್ತು ಜನ ಒತ್ತಾಗಿ ಕುಳಿತುಕೊಳ್ಳಬಹುದಾದ ಒಂದು ಹಜಾರ. ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ನಾನೂ ನನ್ನ ಯಜಮಾನರೂ ಸೇರಿ ಇದರ ಆರು ಕೋಣೆಗಳನ್ನು ಅತಿಥಿಗಳಿಗಾಗಿ ತೆರೆದೆವು. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ ಬೆಳಗ್ಗೆ ಕುಮಟಾದಲ್ಲಿ ಇಳಿದು ಬರುವವರು ಎರಡು ದಿನ ಕಡಲು ನೋಡಿ, ಮೀನು ಊಟ ಮಾಡಿ, ಊರಿನ ಒಬ್ಬರನ್ನೂ ಮಾತನಾಡಿಸದೆ ಹಿಂತಿರುಗುತ್ತಿದ್ದರು. ಅವರು ಸಂತೋಷವಾಗಿಯೇ ಹೋಗುತ್ತಿದ್ದರು, ನನಗೆ ಮಾತ್ರ ಏನೋ ಕೊರತೆ ಕಾಣುತ್ತಿತ್ತು. ಮೂವತ್ತು ವರ್ಷ ಇದೇ ಸೀಮೆಯ ಮಕ್ಕಳಿಗೆ ಪಾಠ ಹೇಳಿದವಳಿಗೆ ಇಲ್ಲಿ ಯಾವ ಮನೆಯಲ್ಲಿ ಯಾರು ಹಾಡುತ್ತಾರೆ, ಯಾರ ಕೈಯಲ್ಲಿ ಮದ್ದಲೆ ಮಾತನಾಡುತ್ತದೆ, ಯಾರ ಅಡುಗೆಗೆ ಊರೇ ಬಾಯಿ ಚಪ್ಪರಿಸುತ್ತದೆ ಎಂಬುದೆಲ್ಲ ಗೊತ್ತಿತ್ತು. ಅವರನ್ನು ಮನೆಗೆ ಕರೆಯಬೇಕು, ಬಂದ ಅತಿಥಿಗಳನ್ನು ಅವರ ಜೊತೆ ಒಂದೇ ಚಾಪೆಯ ಮೇಲೆ ಕೂರಿಸಬೇಕು ಎಂಬ ಆಸೆಯಿಂದ ಕಾರ್ಯಕ್ರಮಗಳು ಶುರುವಾದವು.

ಮೊದಲನೆಯದರಲ್ಲಿ ನಾನು ತಪ್ಪು ಮಾಡಿದೆ. ಕಡಲಿನ ಮುಂದೆ ಸಂಗೀತ ಎಂದರೆ ಮರಳಿನ ಮೇಲೆಯೇ ಆಗಬೇಕು ಎಂಬ ಕಲ್ಪನೆಯೊಂದು ನನ್ನ ತಲೆಯಲ್ಲಿತ್ತು. ನಗರದಿಂದ ಬಂದ ಕಾರ್ಯಕ್ರಮ ಸಂಯೋಜಕರೊಬ್ಬರು ಅದಕ್ಕೆ ಸರಿಯಾಗಿ ಧ್ವನಿವರ್ಧಕ, ಜನರೇಟರ್, ಬಣ್ಣದ ದೀಪ, ಪ್ಲಾಸ್ಟಿಕ್ ಕುರ್ಚಿ ಎಲ್ಲವನ್ನೂ ತರಿಸಿದರು. ಬಂದವರು ಇನ್ನೂರು ಜನ. ಗಾಯಕಿ ಚೆನ್ನಾಗಿಯೇ ಹಾಡಿದರು. ಆದರೆ ಅಲೆಗಳ ಸದ್ದು ತಂಬೂರಿಯ ಮಂದ್ರವನ್ನು ನುಂಗಿಹಾಕುತ್ತಿತ್ತು. ಅದನ್ನು ಮೀರಿಸಲು ಧ್ವನಿವರ್ಧಕದ ಸದ್ದನ್ನು ಏರಿಸಿದರೆ ಗಾಳಿಯ ಮೊರೆತವೂ ಮೈಕಿನಲ್ಲಿ ಏರುತ್ತಿತ್ತು. ರಾತ್ರಿ ಹತ್ತಕ್ಕೆ ಐದು ನಿಮಿಷ ಇರುವಾಗ ಮುಗಿಸಿದೆವು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲವಾದ್ದರಿಂದ ನಾವು ಕಾನೂನನ್ನು ಪಾಲಿಸಿದ್ದೇವೆ ಎಂಬ ಸಮಾಧಾನದಲ್ಲಿ ನಾನು ಮಲಗಿದೆ.

ಮರುದಿನ ಮಧ್ಯಾಹ್ನ ನೆರೆಮನೆಯ ಹಿರಿಯರು ಬಲೆಯ ಕೆಲಸ ಮುಗಿಸಿ ನಮ್ಮ ಬೇಲಿಯ ಹತ್ತಿರ ನಿಂತರು. ಅವರ ಇಬ್ಬರು ಮಕ್ಕಳೂ ನನ್ನ ವಿದ್ಯಾರ್ಥಿಗಳು. "ಪದ ಚಲೋ ಇತ್ತು ಅಕ್ಕೋರೆ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೆ ನಮಗೆ ಮೂರು ಗಂಟೆಗೆ ದೋಣಿ ಇಳಸೂದಿತ್ತು. ಹುಡುಗ್ರಿಗೆ ನಿದ್ದೆನೇ ಆಗ್ಲಿಲ್ಲ" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ನಿಯಮದ ಮಾತಾಡುತ್ತಿದ್ದೆನೋ ಏನೋ. ಮೂರು ಗಂಟೆಗೆ ಏಳುವವರು ಎಂಟು ಗಂಟೆಗೆ ಮಲಗುತ್ತಾರೆ ಎಂಬುದು ಆ ಮನೆಯ ಪಕ್ಕದಲ್ಲಿ ಇಷ್ಟು ವರ್ಷ ಬದುಕಿದ ನನಗೆ ಗೊತ್ತಿಲ್ಲದ ವಿಷಯವಾಗಿರಲಿಲ್ಲ. ಗೊತ್ತಿದ್ದೂ ಲೆಕ್ಕಕ್ಕೆ ಹಿಡಿಯಲಿಲ್ಲ. ನಿದ್ದೆ ಕೆಟ್ಟ ಹುಡುಗರು ದೋಣಿಯಲ್ಲಿ ನಿಂತು ಬಲೆ ಬಿಡುವಾಗ ಕಾಲು ತಪ್ಪಿದರೆ ಏನಾಗುತ್ತಿತ್ತು ಎಂದು ಯೋಚಿಸಿ ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ.

ಇನ್ನೊಂದು ಪಾಠವನ್ನು ಆಮೆಗಳು ಕಲಿಸಿದವು. ಚಳಿಗಾಲ ಬಂತೆಂದರೆ ಆಲಿವ್ ರಿಡ್ಲಿ ಆಮೆಗಳು ನಮ್ಮ ಜಿಲ್ಲೆಯ ಮರಳಿಗೆ ಮೊಟ್ಟೆಯಿಡಲು ಬರುತ್ತವೆ. ಒಂದೊಂದು ಗುಂಡಿಯಲ್ಲಿ ನೂರರ ಆಸುಪಾಸಿನಲ್ಲಿ ಮೊಟ್ಟೆಗಳಿರುತ್ತವೆ, ಸುಮಾರು ನಲವತ್ತೈದರಿಂದ ಅರವತ್ತು ದಿನಗಳಲ್ಲಿ ಮರಿಗಳು ಹೊರಬರುತ್ತವೆ. ರಾತ್ರಿಯಲ್ಲಿ ಹೊರಬಂದ ಮರಿ ಬೆಳಕಿರುವ ದಿಕ್ಕಿಗೆ ಹರಿಯುತ್ತದೆ; ಕತ್ತಲ ದಂಡೆಯಲ್ಲಿ ಆ ಬೆಳಕು ಕಡಲಿನ ಮೇಲಿರುತ್ತದೆ. ದಂಡೆಯಲ್ಲಿ ಬಣ್ಣದ ದೀಪ ಉರಿಸಿದರೆ ಅದು ದಾರಿ ತಪ್ಪಿ ನೆಲದ ಕಡೆಗೆ ಬಂದು ನಾಯಿ, ನರಿಗಳ ಬಾಯಿಗೆ ಬೀಳುತ್ತದೆ. ಅರಣ್ಯ ಇಲಾಖೆಯವರು ಬೇಲಿ ಕಟ್ಟಿದ್ದ ಒಂದು ಗೂಡು ನಮ್ಮ ಆ ವೇದಿಕೆಯ ಜಾಗದಿಂದ ದೂರವಿರಲಿಲ್ಲ ಎಂದು ತಿಳಿದ ದಿನವೇ ಮರಳಿನ ಮೇಲೆ ಕಾರ್ಯಕ್ರಮ ಇನ್ನಿಲ್ಲ ಎಂದು ನಿರ್ಧರಿಸಿದೆ. ಅಕ್ಟೋಬರಿನಿಂದ ಮಾರ್ಚ್ ಕಳೆಯುವವರೆಗೆ ಕಡಲಿಗೆ ಮುಖ ಮಾಡಿದ ನಮ್ಮ ಜಗಲಿಯಲ್ಲಿ ರಾತ್ರಿ ದೀಪ ಹಚ್ಚುವುದಿಲ್ಲ. ಅತಿಥಿಗಳು ಮೊದಲು ಗೊಣಗುತ್ತಾರೆ, ಅರ್ಧ ಗಂಟೆಯಲ್ಲಿ ಕಣ್ಣು ಹೊಂದಿಕೊಂಡ ಮೇಲೆ ನಕ್ಷತ್ರ ಎಣಿಸುತ್ತಾ ಕೂರುತ್ತಾರೆ.

ಹೀಗೆ ಸಂಗೀತ ಮನೆಯ ಒಳಗೆ ಬಂತು. ಬಂದ ಮೇಲೆ ಗೊತ್ತಾಯಿತು, ಅದು ಇರಬೇಕಾದ ಜಾಗವೇ ಅದಾಗಿತ್ತು. ಕೆಂಪುಕಲ್ಲಿನ ಒರಟು ಗೋಡೆ ಸದ್ದನ್ನು ಪ್ರತಿಧ್ವನಿಯಾಗಿ ಹಿಂದಕ್ಕೆ ಎಸೆಯುವುದಿಲ್ಲ, ಹೆಂಚಿನ ಸಂದುಗಳಲ್ಲಿ ಒಂದಿಷ್ಟು ಹೊರಟುಹೋಗುತ್ತದೆ, ನೆಲದ ಮೇಲೆ ಕುಳಿತ ಜನರ ಬಟ್ಟೆಬರೆಗಳಲ್ಲಿ ಒಂದಿಷ್ಟು ಅಡಗುತ್ತದೆ, ಉಳಿದದ್ದು ನೇರವಾಗಿ ಕಿವಿಗೆ ತಲುಪುತ್ತದೆ. ಮೈಕು ಬೇಕಾಗುವುದಿಲ್ಲ. ಅಲೆಯ ಸದ್ದು ಪಶ್ಚಿಮದ ಬಾಗಿಲಿನಾಚೆ ಇದ್ದೇ ಇರುತ್ತದೆ. ಆ ಬಾಗಿಲನ್ನು ಎಷ್ಟು ತೆರೆದಿಡಬೇಕು ಎಂಬುದು ಹಾಡುವವರಿಗೆ ಬಿಟ್ಟದ್ದು. ಒಬ್ಬರು ಪೂರ್ತಿ ಮುಚ್ಚಿಸಿ ಹಾಡಿದರು. ಇನ್ನೊಬ್ಬ ಹಿರಿಯ ಗಾಯಕರು ಗೇಣು ಅಗಲ ತೆರೆಸಿ, ಮಾರವಾ ರಾಗದ ಆಲಾಪವನ್ನು ಆಧಾರ ಸ್ವರವಾದ ಷಡ್ಜ ಮುಟ್ಟದೆ ಹತ್ತು ನಿಮಿಷ ಬೆಳೆಸಿ, ಕೊನೆಗೆ ಷಡ್ಜಕ್ಕೆ ಇಳಿದಾಗ ಹೊರಗೆ ಒಂದು ದೊಡ್ಡ ಅಲೆ ಮುರಿದು ಹಿಂದೆ ಸರಿಯಿತು. ಅದು ಕಾಕತಾಳೀಯವೇ ಇರಬಹುದು. ಮುಂದಿನ ಸಾಲಿನಲ್ಲಿ ಕುಳಿತಿದ್ದ ನನ್ನ ಅತ್ತೆಯವರು ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ.

ವಾದ್ಯಗಳ ಪಾಡು ಬೇರೆ. ಉಪ್ಪಿನ ತೇವಕ್ಕೆ ತಬಲಾದ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತಲೇ ಇರುತ್ತದೆ, ಹಾರ್ಮೋನಿಯಂನ ಹಿತ್ತಾಳೆಯ ರೀಡುಗಳು ಕಿಲುಬು ಹಿಡಿಯುತ್ತವೆ, ತಂತಿಗಳಿಗೆ ತುಕ್ಕು ಬರುತ್ತದೆ. ತಬಲಾ ನುಡಿಸುವವರು ಬಂದ ಕೂಡಲೇ ವಾದ್ಯವನ್ನು ಅಡುಗೆಮನೆಯ ಪಕ್ಕದ ಭತ್ತದ ಕೋಣೆಯಲ್ಲಿ ಇಡಿಸುತ್ತೇನೆ. ಒಲೆಯ ಬಿಸಿ ಗೋಡೆಯಾಚೆಯಿಂದ ಹಿತವಾಗಿ ತಾಗಿ ಚರ್ಮ ಒಣಗಿರುತ್ತದೆ. ಬೈಠಕ್ ನಡೆಯುವಾಗ ಎರಡು ಬಂದಿಶ್‌ಗಳ ನಡುವೆ ಸುತ್ತಿಗೆಯಿಂದ ಗಟ್ಟಾಗಳನ್ನು (ಚರ್ಮದ ಪಟ್ಟಿಗಳಡಿಯ ಮರದ ತುಂಡುಗಳನ್ನು) ತಟ್ಟಿ ಶ್ರುತಿ ಏರಿಸುವ ಆ ಟಕಟಕ ಸದ್ದು ನಮ್ಮ ಮನೆಯ ಸಂಗೀತದ ಒಂದು ಭಾಗವೇ ಆಗಿಬಿಟ್ಟಿದೆ.

ಕರಾವಳಿಯಲ್ಲಿ ಹಿಂದೂಸ್ತಾನಿ ಸಂಗೀತ ಏಕೆ ಎಂದು ಮಂಗಳೂರಿನ ಕಡೆಯ ಅತಿಥಿಗಳು ಕೇಳುತ್ತಾರೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿ, 1956ರಲ್ಲಿ ರಾಜ್ಯ ಒಂದಾಗುವವರೆಗೂ ಮುಂಬಯಿಯ ಭಾಗವಾಗಿಯೇ ಇತ್ತು. ಘಟ್ಟ ಹತ್ತಿದರೆ ಹುಬ್ಬಳ್ಳಿ, ಧಾರವಾಡ. ಅಲ್ಲಿನ ಗುರುಗಳ ಬಳಿ ಕಲಿತು ಬಂದವರು ಅಡಿಕೆ ತೋಟದ ಮನೆಗಳಲ್ಲಿ ತಂಬೂರಿ ಹಿಡಿದು ಕೂತರು. ಯಲ್ಲಾಪುರ ಸೀಮೆಯ ಹಾಸಣಗಿಯಂಥ ಪುಟ್ಟ ಊರಿನ ಹೆಸರು ದೇಶದ ಸಂಗೀತಪ್ರಿಯರಿಗೆಲ್ಲ ಗೊತ್ತಾಗಿರುವುದು ಬಸವರಾಜ ರಾಜಗುರುಗಳ ಶಿಷ್ಯರಾದ ಪಂಡಿತ ಗಣಪತಿ ಭಟ್ಟರಿಂದ. ಈ ಸೀಮೆಯ ಕೇಳುಗರು ತೋಟದ ಕೆಲಸ ಮುಗಿಸಿ, ಲುಂಗಿಯ ಮೇಲೊಂದು ಅಂಗಿ ಹಾಕಿಕೊಂಡು ಬಂದು ಕುಳಿತು, ತಾನ ತಪ್ಪಿದರೆ ತಲೆ ಎತ್ತಿ ನೋಡುವಂಥವರು. ಅಂಥ ಕೇಳುಗರ ಪಕ್ಕದಲ್ಲಿ ಕುಳಿತ ನಗರದ ಅತಿಥಿಗೆ ಯಾವಾಗ ತಲೆದೂಗಬೇಕು ಎಂಬುದನ್ನು ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಊಟದ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಬರುವ ಎಷ್ಟೋ ಜನ ಸಂಗೀತಕ್ಕೆಂದು ಬಂದು ಊಟವನ್ನು ನೆನಪಿಟ್ಟುಕೊಂಡು ಹೋಗಿದ್ದಾರೆ. ಅಡುಗೆ ಮಾಡುವವರು ಊರಿನದೇ ನಾಲ್ಕು ಜನ ಹೆಂಗಸರು. ಒಲೆ ಎರಡು, ಪಾತ್ರೆಗಳೂ ಬೇರೆಬೇರೆ. ಹಾಡಲು ಬರುವವರಲ್ಲಿ ಮೀನು ಮುಟ್ಟದವರು ಬಹಳ, ಕೇಳಲು ಬರುವವರಲ್ಲಿ ಮೀನಿಲ್ಲದೆ ಊಟ ಸೇರದವರು ಬಹಳ. ಇಬ್ಬರಿಗೂ ಮನಸ್ಸು ಕಸಿವಿಸಿಯಾಗದಂತೆ ಬಡಿಸುವುದು ಈ ಜಿಲ್ಲೆಯಲ್ಲಿ ಕಲಿಯಲೇಬೇಕಾದ ವಿದ್ಯೆ. ಒಂದು ಪಂಕ್ತಿಗೆ ಅಪ್ಪೆಹುಳಿ, ತಂಬುಳಿ, ಸೌತೆಕಾಯಿಯ ಹುಳಿ. ಇನ್ನೊಂದಕ್ಕೆ ಜುಮ್ಮನಕಾಯಿ ಹಾಕಿದ ಬಂಗಡೆಯ ಸಾರು. ಮುರುಗಲ ಹಣ್ಣಿನ ಪಾನಕ ಮಾತ್ರ ಎರಡೂ ಕಡೆ ಓಡಾಡುತ್ತದೆ.

ಏನು ಅಡುಗೆ ಎಂಬುದನ್ನು ಮೊದಲೇ ಬರೆದು ಕಳುಹಿಸಲು ನಮಗೆ ಆಗುವುದಿಲ್ಲ. ಒಮ್ಮೆ ನಗರದಿಂದ ಬಂದ ಬಾಣಸಿಗರೊಬ್ಬರ ಜೊತೆ ಸೇರಿ ಕರಾವಳಿಯ ಅಡುಗೆಯ ಎರಡು ದಿನಗಳ ಕೂಟ ಏರ್ಪಡಿಸಿದ್ದೆವು. ಇಂತಿಷ್ಟು ತೂಕದ ಇಸ್ವಾಣ ಮೀನು ಇಂತಿಷ್ಟು ಬೇಕೆಂದು ಅವರು ಹದಿನೈದು ದಿನ ಮೊದಲೇ ಪಟ್ಟಿ ಕೊಟ್ಟಿದ್ದರು. ಆ ಬೆಳಗ್ಗೆ ದಡಕ್ಕೆ ಬಂದ ದೋಣಿಗಳಲ್ಲಿ ಇಸ್ವಾಣದ ಸುಳಿವೇ ಇರಲಿಲ್ಲ, ಬುಟ್ಟಿ ಬುಟ್ಟಿ ತಾರ್ಲೆ ಇತ್ತು. ಪೇಟೆಯಿಂದ ಮಂಜುಗಡ್ಡೆಯ ಮೀನು ತರಿಸೋಣವೆಂದರು. ನಮ್ಮ ಅಡುಗೆಯವರು ಒಪ್ಪಲಿಲ್ಲ. ಕೊನೆಗೆ ಆ ಬಾಣಸಿಗರು ಪಟ್ಟಿಯನ್ನು ಮಡಚಿಟ್ಟು, ನೆಲದ ಮೇಲೆ ಕುಳಿತು, ಬೆರಳಿನಿಂದಲೇ ತಾರ್ಲೆಯ ಮುಳ್ಳು ಬಿಡಿಸುವುದನ್ನು ನಮ್ಮ ಹೆಂಗಸರಿಂದ ಕಲಿತರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆಗ.

ಅಘನಾಶಿನಿ ನಮ್ಮ ಉತ್ತರಕ್ಕೆ ಕಡಲು ಸೇರುತ್ತದೆ. ಅಣೆಕಟ್ಟು ಕಟ್ಟದೆ ಉಳಿದಿರುವ ನದಿ ಅದು, ಅದರ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು ರಾಮ್ಸಾರ್ ಮಾನ್ಯತೆ ಸಿಕ್ಕಿದೆ. ಇಳಿತದ ಹೊತ್ತಿನಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಬೆಳಚು ಎಂಬ ಚಿಪ್ಪುಮೀನು ಆಯುವವರು ಅಲ್ಲಿದ್ದಾರೆ. ಬೈಠಕ್ಕಿನ ಹಿಂದಿನ ದಿನ ಸಂಜೆ ಎರಡು ಚೀಲ ಬೆಳಚು ನಮ್ಮ ಹಿತ್ತಲಿಗೆ ಬರುತ್ತದೆ. ರಾತ್ರಿಯಿಡೀ ಅದನ್ನು ನೀರಿನಲ್ಲಿ ಬಿಟ್ಟರೆ ಬಾಯಿ ತೆರೆದು ಒಳಗಿನ ಮರಳನ್ನೆಲ್ಲ ಉಗುಳುತ್ತದೆ. ಬೆಳಗ್ಗೆ ಈಳಿಗೆಮಣೆಯ ಮೇಲೆ ಒಂದೊಂದನ್ನೇ ಬಿಡಿಸಿ, ಮಾಂಸವಿರುವ ಅರ್ಧ ಚಿಪ್ಪನ್ನು ಇಟ್ಟುಕೊಂಡು ಇನ್ನರ್ಧವನ್ನು ಬಿಸಾಡುತ್ತಾರೆ. ಚಿಪ್ಪು ಕಲ್ಲಿನ ಮೇಲೆ ಬೀಳುವ ಕಿಣಿಕಿಣಿ ಸದ್ದಿಗೆ ಎದ್ದು ಬಂದ ಅತಿಥಿಗಳು ಒಬ್ಬೊಬ್ಬರಾಗಿ ಮಣೆ ಕೇಳಿ ಕುಳಿತುಬಿಡುತ್ತಾರೆ. ಹತ್ತು ಚಿಪ್ಪು ಬಿಡಿಸುವಷ್ಟರಲ್ಲಿ ಬೆರಳು ಕೊಯ್ದುಕೊಳ್ಳುತ್ತಾರೆ. ನಮ್ಮವರು ಅರಿಸಿನ ಒತ್ತಿ, ಮಾತು ನಿಲ್ಲಿಸದೆ, ಮುಂದಿನ ಚಿಪ್ಪನ್ನು ಕೈಗೆ ಕೊಡುತ್ತಾರೆ.

ಅದೇ ಅಳಿವೆಯ ಗಜನಿ ಭೂಮಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಉಪ್ಪುನೀರನ್ನು ತಡೆದುಕೊಳ್ಳುವ, ಆಳೆತ್ತರ ನಿಲ್ಲುವ, ಗೊಬ್ಬರ ಕೇಳದ ತಳಿ. ಬೆಳೆಯುವವರು ಕಡಿಮೆಯಾಗಿದ್ದಾರೆ, ಗಜನಿಗಳು ಸಿಗಡಿ ಕೆರೆಗಳಾಗಿವೆ, ಒಡ್ಡು ಒಡೆದು ಪಾಳುಬಿದ್ದ ಗದ್ದೆಗಳಿವೆ. ಮಾಣಿಕಟ್ಟೆಯ ಕಡೆ ಇನ್ನೂ ಬೆಳೆಯುವವರಿಂದ ನಾವು ವರ್ಷಕ್ಕೆ ಬೇಕಾದಷ್ಟನ್ನು ಕೊಯ್ಲಿನ ಹೊತ್ತಿಗೇ ಕೊಂಡಿಡುತ್ತೇವೆ. ಉಪ್ಪು ಸಾಣಿಕಟ್ಟೆಯದು. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಹೆದ್ದಾರಿ 66ರ ಪಕ್ಕದಲ್ಲಿ ಜಡೆ ಹೆಣೆದು ತೂಗುಹಾಕಿದ ಕುಮಟಾದ ಸಿಹಿ ಈರುಳ್ಳಿಯನ್ನು ತಂದು ಅಟ್ಟದ ಕೆಳಗೆ ನೇತುಹಾಕುತ್ತೇವೆ. ಕಗ್ಗದ ಗಂಜಿಗೆ ಆ ಈರುಳ್ಳಿಯನ್ನು ಹಸಿಯಾಗಿ ಕಚ್ಚಿಕೊಂಡು ತಿಂದ ಬೆಳಗಿನ ಊಟದ ಮುಂದೆ ನನಗೆ ಯಾವ ಭೋಜನವೂ ದೊಡ್ಡದಲ್ಲ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಳೆಯ ಕಡಲಿಗೆ ಹೆದರಿ ಅತಿಥಿಗಳೂ ಬರುವುದಿಲ್ಲ. ಆ ತಿಂಗಳುಗಳಲ್ಲಿ ನಮ್ಮ ಹಜಾರ ತಾಳಮದ್ದಲೆಗೆ ಮೀಸಲು. ಯಕ್ಷಗಾನ ಮೇಳಗಳ ತಿರುಗಾಟ ಮುಗಿದು ಕಲಾವಿದರು ಮನೆಯಲ್ಲಿರುವ ಕಾಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ್ದು ಇಲ್ಲೇ ಪಕ್ಕದಲ್ಲಿ, ಹೆಸರಾಂತ ಯಕ್ಷಗಾನ ಕಲಾವಿದರಾಗಿದ್ದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹೊನ್ನಾವರ ತಾಲ್ಲೂಕಿನವರು, ಆದ್ದರಿಂದ ಯಕ್ಷಗಾನದ ಮಾತು ಗೊತ್ತಿಲ್ಲದ ಮನೆಯೇ ಇಲ್ಲ. ವೇಷವಿಲ್ಲ, ಕುಣಿತವಿಲ್ಲ. ಹೆಂಚಿನ ಮೇಲೆ ಮಳೆ ಸುರಿಯುತ್ತಿರುತ್ತದೆ, ಭಾಗವತರ ಪದ ಅದರ ಮೇಲೆ ಏರುತ್ತದೆ, ಪದ ನಿಂತ ಕೂಡಲೇ ಅರ್ಥಧಾರಿಗಳ ಮಾತು. ಕರ್ಣನ ಮಾತಿಗೆ ಕೃಷ್ಣ ಏನು ಉತ್ತರ ಕೊಡುತ್ತಾನೋ ಎಂದು ಬಾಯಿಗೆ ಹಾಕಿದ ಹಲಸಿನ ಹಪ್ಪಳವನ್ನು ಅಗಿಯದೆ ಹಿಡಿದುಕೊಂಡ ಮಕ್ಕಳನ್ನು ನಾನು ಕಂಡಿದ್ದೇನೆ. ಈ ಕೂಟಕ್ಕೆ ಪ್ರವೇಶದ ಹಣವಿಲ್ಲ. ವರ್ಷದ ಉಳಿದ ಬೈಠಕ್ಕುಗಳಲ್ಲಿ ಮಿಕ್ಕಿದ್ದನ್ನು ಇದಕ್ಕೆ ಹಾಕುತ್ತೇವೆ.

ಬರವಣಿಗೆ, ಚಿತ್ರ, ಜೇಡಿಮಣ್ಣಿನ ಕೆಲಸ ಎಂದು ವಾರಗಟ್ಟಲೆ ಉಳಿಯಲು ಬರುವವರೂ ಇದ್ದಾರೆ. ಕಡಲ ಪಕ್ಕದ ಮನೆಯಲ್ಲಿ ಕೂತು ಬರೆಯುವುದು ಈ ಜಿಲ್ಲೆಗೆ ಹೊಸದಲ್ಲ. 1883ರಲ್ಲಿ, ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಠಾಕೂರರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಉಳಿದು, ತಮ್ಮ ಆರಂಭದ ನಾಟಕವೊಂದನ್ನು ಬರೆದರು. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಮೇಲಕ್ಕೆ ಹೋಗಿ, ಹಿಂದಿರುಗುವಾಗ ಮರಳಿನ ಮೇಲೆ ನಡೆದು ಬಂದದ್ದನ್ನು ಅವರು ನೆನಪಿಸಿಕೊಂಡಿದ್ದಾರೆ. ಅವರಿಗೆ ಸಿಕ್ಕಿದ್ದು ಒಂದು ಮನೆ, ಬಿಡುವು ಮತ್ತು ಆ ನಡಿಗೆ. ನಮ್ಮಲ್ಲಿ ಬರೆಯಲು ಬಂದವರಿಗೂ ನಾನು ಗಂಟೆಗಂಟೆಗೆ ಚಟುವಟಿಕೆ ಹಚ್ಚುವುದಿಲ್ಲ. ಊಟದ ಗಂಟೆ ಬಾರಿಸುತ್ತೇನೆ, ಅಷ್ಟೇ.

ಜನಪದ ಹಾಡುಗಳ ವಿಷಯದಲ್ಲಿ ಮಾತ್ರ ನಾನು ಬಹಳ ಬಿಗಿ. ಈ ಜಿಲ್ಲೆಯ ಹಾಲಕ್ಕಿ ಸಮುದಾಯದ ಹಾಡುಗಳ ಭಂಡಾರವೇ ಆಗಿದ್ದ, 2017ರಲ್ಲಿ ಪದ್ಮಶ್ರೀ ಪಡೆದ ಅಂಕೋಲಾ ಬಡಗೇರಿಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡ ಮೇಲೆ, ಆ ಹಾಡುಗಳನ್ನು ಕೇಳಬೇಕೆನ್ನುವ ಅತಿಥಿಗಳು ಹೆಚ್ಚಾದರು. ಸುಗ್ಗಿಯ ಹಾಡು ಸುಗ್ಗಿಯಲ್ಲಿ, ಮದುವೆಯ ಹಾಡು ಮದುವೆಯಲ್ಲಿ ಹುಟ್ಟಿದ್ದು. ಊಟದ ನಡುವೆ ಇಪ್ಪತ್ತು ನಿಮಿಷ ಹಾಡಿಸಿ ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಲು ನಾನು ಬಿಡುವುದಿಲ್ಲ. ಹಾಡುವವರೇ ಬಂದು, ತಮಗೆ ಬೇಕಾದಷ್ಟು ಹೊತ್ತು ಕೂತು, ಯಾವುದನ್ನು ಧ್ವನಿಮುದ್ರಿಸಬಹುದು ಯಾವುದನ್ನು ಕೂಡದು ಎಂದು ತಾವೇ ಹೇಳಿದ ಮೇಲೆ ಕೂಟ. ಕಳೆದ ಹೋಳಿಯ ಮರುವಾರ ಗುಮಟೆ ನುಡಿಸುವ ತಂಡವೊಂದು ಬಂದಿತ್ತು. ಮೊದಲೆಲ್ಲ ಮಣ್ಣಿನ ಆ ವಾದ್ಯದ ಬಾಯಿಗೆ ಉಡದ ಚರ್ಮ ಬಿಗಿಯುತ್ತಿದ್ದರು. ಉಡಕ್ಕೆ ಕಾನೂನಿನ ರಕ್ಷಣೆ ಇರುವುದರಿಂದ ಈಗ ಆಡಿನ ಚರ್ಮ. ನಾದ ಬದಲಾಗಿದೆಯೇ ಎಂದು ಒಬ್ಬ ಹುಡುಗಿ ಕೇಳಿದಳು. ತಂಡದ ಅಜ್ಜ ಉತ್ತರ ಹೇಳದೆ ಗುಮಟೆಯನ್ನು ಅವಳ ತೊಡೆಯ ಮೇಲಿಟ್ಟು, ಎಡಗೈಯನ್ನು ಹಿಂದಿನ ಬಾಯಿಗೆ ಮುಚ್ಚಿಸಿ ತೆಗೆಸುತ್ತಾ, ಬಲಗೈಯಲ್ಲಿ ಬಾರಿಸಿ ತೋರಿಸಿದರು. ಅವಳ ಮೈಯಲ್ಲೆಲ್ಲ ಆ ನಾದ ಹೊಕ್ಕಿದ್ದು ಮುಖದಲ್ಲೇ ಕಾಣುತ್ತಿತ್ತು.

ಹಣದ ಲೆಕ್ಕ ಚಿಕ್ಕದು. ಅತಿಥಿಗಳು ಕೊಡುವುದರಲ್ಲಿ ಮೊದಲ ಪಾಲು ಕಲಾವಿದರದು, ಅದು ಕಾರ್ಯಕ್ರಮಕ್ಕೆ ಮೊದಲೇ ಅವರ ಕೈ ಸೇರುತ್ತದೆ. ಎರಡನೆಯದು ಅಡುಗೆಯವರದು. ಅರವತ್ತು ಜಾಗಗಳಲ್ಲಿ ಇಪ್ಪತ್ತು ಊರಿನವರಿಗೆ, ಹಣವಿಲ್ಲದೆ. ಆ ಇಪ್ಪತ್ತನ್ನು ಮಾರಿದರೆ ಲಾಭ ಬರುತ್ತದೆ ಎಂದು ಹೇಳಿದವರಿದ್ದಾರೆ. ಆ ಇಪ್ಪತ್ತು ಜನರಿಲ್ಲದ ಬೈಠಕ್ ನಡೆಸಲು ನನಗೆ ಮನಸ್ಸಿಲ್ಲ. ಡಿಜೆ ಕೂಟಕ್ಕೆ, ದಂಡೆಯ ಮದುವೆಗೆ ಮನೆ ಕೇಳುವವರಿಗೆ ಫೋನಿನಲ್ಲೇ ಇಲ್ಲವೆನ್ನುತ್ತೇನೆ.

ದಿನ ಗೊತ್ತುಮಾಡುವ ಕೆಲಸ ಈಗ ನನ್ನದಲ್ಲ. ಪಶ್ಚಿಮದ ಬಾಗಿಲ ಪಕ್ಕದ ಕಂಬಕ್ಕೆ ಒರಗಿ ಕೂರುವ ಆ ನೆರೆಮನೆಯ ಹಿರಿಯರನ್ನು ಕೇಳಿಯೇ ಮುಂದಿನ ತಾರೀಖು. ಕತ್ತಲ ರಾತ್ರಿಗಳಲ್ಲಿ ಮೀನಿನ ಹಿಂಡು ನೀರಿನಲ್ಲಿ ಮಿನುಗುವುದು ಕಾಣುತ್ತದೆ, ಆಗ ದೋಣಿಗಳು ಕಡಲಲ್ಲಿರಬೇಕು. ಹುಣ್ಣಿಮೆಯ ಬೆಳಕಿನಲ್ಲಿ ಮೀನು ಸಿಗುವುದು ಕಡಿಮೆ, ಆಗ ಗಂಡಸರು ಮನೆಯಲ್ಲಿರುತ್ತಾರೆ, ಬೆಳಗ್ಗೆ ತಡವಾಗಿ ಎದ್ದರೂ ನಡೆಯುತ್ತದೆ ಎಂದು ಹೇಳಿಕೊಟ್ಟವರು ಅವರೇ. ಅಂದಿನಿಂದ ನಮ್ಮ ಬೈಠಕ್ಕುಗಳೆಲ್ಲ ಹುಣ್ಣಿಮೆಯ ಎಡಬಲದಲ್ಲಿ. ಬೆಳದಿಂಗಳ ಸೊಗಸಿಗಾಗಿ ಆ ದಿನಗಳನ್ನು ಆರಿಸಿದ್ದೇವೆಂದು ಅತಿಥಿಗಳು ಮೆಚ್ಚಿಕೊಳ್ಳುತ್ತಾರೆ. ಹೋದ ತಿಂಗಳು ಬೈಠಕ್ ಮುಗಿದು ಚಾಪೆ ಸುತ್ತುತ್ತಿದ್ದಾಗ, ನಾನು ಮುಂದಿನದಕ್ಕೆ ಶನಿವಾರ ಎಂದು ಬರೆದಿಟ್ಟಿದ್ದನ್ನು ನೋಡಿ ಅವರು ಕ್ಯಾಲೆಂಡರಿನ ಮುಂದೆ ನಿಂತರು. "ಶನಿವಾರ ಬ್ಯಾಡ ಅಕ್ಕೋರೆ, ಅಷ್ಟೊತ್ತಿಗೆ ಚಂದ್ರ ತಡ ಮಾಡಿ ಹುಟ್ತದೆ, ನಾವು ದೋಣಿಗೆ ಹೋಗೂಕೆ ಶುರು ಮಾಡಿರ್ತೇವೆ. ಬುಧವಾರ ಇಡಿ, ಎಲ್ಲರೂ ಬರ್ತೇವೆ" ಎಂದರು. ವಾರದ ನಡುವಿನ ದಿನಕ್ಕೆ ನಗರದವರು ರಜೆ ಹಾಕಬೇಕಾಗುತ್ತದೆ. ಪೆನ್ಸಿಲಿನಲ್ಲಿ ಬರೆದಿದ್ದ ಶನಿವಾರವನ್ನು ಅಳಿಸಿ, ಬುಧವಾರಕ್ಕೆ ಸುತ್ತು ಹಾಕಿದೆ.